ಪದ್ಮಿನಿಗೆ ಹೊಸ ಫ್ಯಾನು, ಹೊಸ ಟೈರು: ಹದಿನಾಲ್ಕು ವಾರಗಳ ಕೆಲಸದ ದಾಖಲೆ

ಗಾಡಿ 1984ರ ಪ್ರೀಮಿಯರ್ ಪದ್ಮಿನಿ. 1089 ಸಿ.ಸಿ. ಪೆಟ್ರೋಲ್ ಎಂಜಿನ್, ಸ್ಟೀರಿಂಗ್ ಪಕ್ಕದ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಕರೆಂಟಿಗೆ ಹಳೆಯ ಡೈನಮೊ. ದೊಡ್ಡಪ್ಪನವರಿಂದ ನನ್ನ ಕೈಗೆ ಬಂದು ಆರು ವರ್ಷವಾಯಿತು. ಮೈಸೂರಿನಲ್ಲಿ ನಮ್ಮ ಮನೆಯ ಶೆಡ್ಡಿನಲ್ಲೇ ಇರುತ್ತದೆ. ಈ ವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ಅದಕ್ಕೆ ಎಲೆಕ್ಟ್ರಿಕ್ ಫ್ಯಾನ್ ಕೂರಿಸಿ, ಹಳೆಯ ಬಗೆಯ ನೈಲಾನ್ ಟೈರುಗಳನ್ನು ತೆಗೆದು ಈಗಿನ ಕಾರುಗಳಲ್ಲಿರುವಂಥ ರೇಡಿಯಲ್ ಟೈರು ಹಾಕಿದೆ. ಕೆಲಸ ಮುಗಿದಿದೆ, ಆದರೆ ಮೊದಲ ಅರ್ಧವನ್ನು ಪೂರ್ತಿ ತಲೆಕೆಳಗಾಗಿ ಮಾಡಿದೆ. ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಕೈಗೆತ್ತಿಕೊಂಡೆ. ಮೊದಲು ನೋಡಬೇಕಾದದ್ದನ್ನು ಹಣ ಕಳೆದುಕೊಂಡ ಮೇಲೆ ನೋಡಿದೆ. ನನ್ನ ನೋಟ್‌ಬುಕ್ಕಿನಲ್ಲಿರುವ ಕ್ರಮದಲ್ಲೇ, ತಪ್ಪುಗಳನ್ನೂ ಬಿಡದೆ, ಇಲ್ಲಿ ಬರೆದಿದ್ದೇನೆ.

ಜನವರಿ 5, ಭಾನುವಾರ

ಮನೆಯವರನ್ನೆಲ್ಲ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟಾಗ ನಂದಿಯ ಕಡೆಗೆ ಒಡೆಯುವ ತಿರುವಿಗಿಂತ ಮುಂಚೆಯೇ ಟೆಂಪರೇಚರ್ ಮುಳ್ಳು ಕೆಂಪು ಗುರುತನ್ನು ಮುಟ್ಟಿತು. ನಿಲ್ಲಿಸಿ ಬಾನೆಟ್ ಎತ್ತಿದರೆ ರೇಡಿಯೇಟರ್ ಮುಚ್ಚಳದ ಅಂಚಿನಿಂದ ಆವಿ ಬುಸುಗುಟ್ಟುತ್ತಿತ್ತು. ನಲವತ್ತು ನಿಮಿಷ ಕಾದು, ಒದ್ದೆ ಬಟ್ಟೆ ಹಾಕಿ ಮುಚ್ಚಳವನ್ನು ಮೆಲ್ಲಗೆ ತಿರುಗಿಸಿ, ಎರಡು ಲೀಟರ್ ನೀರು ಹೊಯ್ದು ಹಿಂದಿರುಗಿದೆ. ಇದು ಮೊದಲ ಸಲವಲ್ಲ. ಸಯ್ಯಾಜಿರಾವ್ ರಸ್ತೆಯ ಸಂಜೆಯ ದಟ್ಟಣೆಯಲ್ಲಿ ಹತ್ತು ನಿಮಿಷ ನಿಂತರೂ ಮುಳ್ಳು ಏರುವುದು ದೀಪಾವಳಿಯಿಂದಲೇ ಶುರುವಾಗಿತ್ತು. ವಾಟರ್ ಪಂಪಿನ ಮೇಲೆ ಕೂತ ಹಳೆಯ ಫ್ಯಾನು ಎಂಜಿನ್ ನಿಧಾನವಾದಾಗ ತಾನೂ ನಿಧಾನವಾಗುವುದರಿಂದ ತೊಂದರೆ ಅದರದ್ದೇ ಎಂದು ನಾನು ಅಂದೇ ತೀರ್ಮಾನಿಸಿಬಿಟ್ಟೆ. ಒಂದೇ ಒಂದು ಅಳತೆಯನ್ನೂ ತೆಗೆದುಕೊಳ್ಳದೆ ಮಾಡಿದ ತೀರ್ಮಾನ ಅದು.

ಜನವರಿ 11 ಮತ್ತು 12

ಶನಿವಾರ ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆಯಲ್ಲಿ ಅಲೆದು, ಮಾರುತಿ 800ರ ಹಳೆಯ ರೇಡಿಯೇಟರ್ ಫ್ಯಾನೊಂದನ್ನು ಅದರ ಸುತ್ತುಕವಚದ ಸಮೇತ 1,200 ರೂಪಾಯಿಗೆ ತಂದೆ. ಅಂಗಡಿಯಲ್ಲೇ ಬ್ಯಾಟರಿಗೆ ಮುಟ್ಟಿಸಿ ತಿರುಗಿಸಿ ತೋರಿಸಿದರು; ಬೇರಿಂಗಿನಲ್ಲಿ ಸದ್ದಿರಲಿಲ್ಲ, ಕೈಯಲ್ಲಿ ಅಲುಗಾಡಿಸಿದರೆ ಸಡಿಲವೂ ಇರಲಿಲ್ಲ.

ಮಾರುತಿಯಲ್ಲಿ ಈ ಫ್ಯಾನು ರೇಡಿಯೇಟರಿನ ಹಿಂದೆ ಕೂತು ಗಾಳಿಯನ್ನು ಎಳೆಯುತ್ತದೆ. ಹಿಂದೆ ಕೂರಿಸಲು ಪದ್ಮಿನಿಯ ಹಳೆಯ ಫ್ಯಾನು ಬಿಚ್ಚಬೇಕಿತ್ತು, ಅದಕ್ಕೆ ನನಗೆ ಧೈರ್ಯ ಬರಲಿಲ್ಲ. ಎರಡೂ ಇರಲಿ ಎಂದುಕೊಂಡು ಹೊಸದನ್ನು ಗ್ರಿಲ್ಲಿನ ಹಿಂದೆ, ರೇಡಿಯೇಟರಿನ ಮುಂದೆ ಇಟ್ಟೆ. ಕವಚ ಅಲ್ಲಿ ಹಿಡಿಸದ್ದರಿಂದ ಅದನ್ನು ಕಳಚಿ, ಮೋಟಾರಿನ ಚೌಕಟ್ಟನ್ನು ನಾಲ್ಕು ಪ್ಲಾಸ್ಟಿಕ್ ಟೈಗಳಿಂದ ರೇಡಿಯೇಟರಿನ ಜಾಲರಿಯ ಮಧ್ಯೆ ತೂರಿಸಿ ಬಿಗಿದೆ. ಮುಂದೆ ಇಟ್ಟ ಮೇಲೆ ಗಾಳಿ ತಳ್ಳಬೇಕಲ್ಲ, ಅದಕ್ಕಾಗಿ ಎರಡು ತಂತಿಗಳನ್ನು ಅದಲುಬದಲು ಮಾಡಿ ಉಲ್ಟಾ ತಿರುಗುವಂತೆ ಮಾಡಿದೆ.

ಈ ಒಂದು ಭಾನುವಾರದಲ್ಲಿ ಎರಡು ತಪ್ಪುಗಳು ನಡೆದವು. ಮೊದಲನೆಯದು ರೆಕ್ಕೆಯ ವಿಷಯ. ರೆಕ್ಕೆಯ ಬಾಗು ಒಂದೇ ದಿಕ್ಕಿಗೆ ಮಾಡಿದ್ದು. ಉಲ್ಟಾ ತಿರುಗಿಸಿದರೆ ಗಾಳಿಯ ದಿಕ್ಕು ಬದಲಾಗುತ್ತದೆಯೇ ಹೊರತು ಬಲ ಉಳಿಯುವುದಿಲ್ಲ. ಅರ್ಧ ಹಾಳೆ ದಿನಪತ್ರಿಕೆಯನ್ನು ಮುಂದೆ ಹಿಡಿದು ನೋಡಿದೆ: ಫ್ಯಾನು ಸರಿಯಾದ ದಿಕ್ಕಿಗೆ ತಿರುಗುತ್ತಿದ್ದಾಗ ಕಾಗದ ಕೈಯಿಂದ ಕಿತ್ತುಕೊಂಡಂತೆ ಹೋಗಿ ಅಂಟಿಕೊಳ್ಳುತ್ತಿತ್ತು, ಉಲ್ಟಾ ತಿರುಗುವಾಗ ಅದೇ ಕಾಗದ ಅಲುಗಾಡಿ ಕೆಳಗೆ ಜಾರಿತು. ಕಣ್ಣೆದುರು ಕಂಡರೂ ‘ಏನೋ ಒಂದಿಷ್ಟು ಗಾಳಿಯಾದರೂ ಹೆಚ್ಚಾಯಿತಲ್ಲ’ ಎಂದು ಬಿಟ್ಟೆ. ಎರಡನೆಯ ತಪ್ಪು ಆ ಪ್ಲಾಸ್ಟಿಕ್ ಟೈಗಳದ್ದು. ಅದರ ಫಲ ಹನ್ನೊಂದನೆಯ ದಿನ ಬಂತು.

ಜನವರಿ 23ರಿಂದ 30

ಗುರುವಾರ ಬೆಳಿಗ್ಗೆ ಶೆಡ್ಡಿನ ನೆಲದಲ್ಲಿ ಅಂಗೈ ಅಗಲದ ಹಸಿ ಕಲೆ. ಟೈ ಬಿಗಿದ ಜಾಗದಲ್ಲಿ ಮೋಟಾರಿನ ಅದಿರಾಟಕ್ಕೆ ಜಾಲರಿಯ ತೆಳು ತಗಡುಗಳು ಮಡಚಿಕೊಂಡು ಒಂದು ಹಿತ್ತಾಳೆ ಕೊಳವೆಯನ್ನು ಉಜ್ಜಿ ತೂತು ಮಾಡಿದ್ದವು. ರೇಡಿಯೇಟರನ್ನು ಹೇಗೂ ಕೆಳಗಿಳಿಸಬೇಕಾಗಿ ಬಂತು. ಇಳಿಸುವ ಮುನ್ನ, ಶನಿವಾರ, ಸ್ನೇಹಿತನಿಂದ ತಂದ ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಕೊನೆಗೂ ಅಳತೆ ತೆಗೆದೆ. ಎಂಜಿನ್ ಬಿಸಿಯಾದಾಗ ಮೇಲಿನ ಹೋಸ್ 91 ಡಿಗ್ರಿ, ಕೆಳಗಿನದು 83. ಜಾಲರಿಯ ಎಡ ಅಂಚಿನಲ್ಲಿ 84, ನಟ್ಟನಡುವೆ ಕೆಳಭಾಗದಲ್ಲಿ 48. ಆ ನಡುವಿನ ಭಾಗದಲ್ಲಿ ನೀರೇ ಹರಿಯುತ್ತಿಲ್ಲ ಎಂಬುದು ಅಂಕಿಯಲ್ಲೇ ಕಾಣುತ್ತಿತ್ತು. ಹೊಳೆಯುವ ಲೋಹದ ಮೇಲೆ ಈ ಉಪಕರಣ ಸುಳ್ಳು ಅಂಕಿ ಕೊಡುತ್ತದೆ. ನನ್ನ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಕವಾಟ) ಗೂಡಿನ ಮೇಲೆ ಮೊದಲು 57 ಎಂದು ತೋರಿಸಿತು, ಅಲ್ಲೊಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ನೋಡಿದಾಗ 88. ಕಪ್ಪು ರಬ್ಬರ್ ಹೋಸಿನಂಥ ಹೊಳಪಿಲ್ಲದ ಮೈಯ ಮೇಲೆ ಹಿಡಿದರೆ ಮಾತ್ರ ಅಂಕಿಯನ್ನು ನಂಬಬಹುದು.

ರೇಡಿಯೇಟರ್ ರಿಪೇರಿಗೆ ಮಂಡಿ ಮೊಹಲ್ಲಾದ ಅಂಗಡಿಯೊಂದಕ್ಕೆ ಕೊಟ್ಟೆ. ಯಜಮಾನರು ಮೇಲಿನ ತೊಟ್ಟಿಯ ಬೆಸುಗೆ ಬಿಡಿಸಿ ತೆಗೆದು, ಬೆಳಕಿಗೆ ಹಿಡಿದು ನನಗೇ ತೋರಿಸಿದರು. ಕೊಳವೆಗಳ ಬಾಯಿಗೆ ಕಂದು ಬಣ್ಣದ ಹಕ್ಕಳೆ, ಸ್ನಾನದ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ ಅಂಥದ್ದು, ಉಗುರಿನಿಂದ ಕೆರೆದರೂ ಏಳದಷ್ಟು ಗಟ್ಟಿ. ನಡುವಿನ ಸಾಲುಗಳಲ್ಲಿ ಬೆಳಕೇ ಹಾಯುತ್ತಿರಲಿಲ್ಲ. ‘ಸಾರ್, ಬೋರ್ ನೀರು ಹುಯ್ದೂ ಹುಯ್ದೂ ಒಳಗೆ ಸುಣ್ಣ ಕಟ್ಟೋಗಿದೆ. ಇದಕ್ಕೆ ನೀವು ಎಷ್ಟು ಫ್ಯಾನ್ ಹಾಕುದ್ರೂ ಅಷ್ಟೇ’ ಎಂದರು. ಸನ್ನೆ ಮಾಡಿ ಹತ್ತಿರ ಕರೆದು, ಚಪ್ಪಟೆ ಕಂಬಿಯೊಂದನ್ನು ಕೊಳವೆಯೊಳಗೆ ತೂರಿಸಿ ಎಳೆದಾಗ ಹಕ್ಕಳೆ ಪುಡಿಪುಡಿಯಾಗಿ ಅವರ ಅಂಗೈಗೆ ಉದುರಿತು; ರವೆಯ ಹಾಗೆ ಇತ್ತು. ಒಂದೊಂದೇ ಕೊಳವೆಗೆ ಹೀಗೆ ಕಂಬಿ ಹಾಕಿ, ತೊಟ್ಟಿ ಕೂರಿಸಿ ಬೆಸುಗೆ ಹಾಕಲು 1,800 ರೂಪಾಯಿ. ನಾನು ಮಾಡಿದ ತೂತಿಗೆ ಬೇರೆಯಾಗಿ 600. ಈ 600 ನನ್ನ ಅವಿವೇಕಕ್ಕೆ ತೆತ್ತ ದಂಡ. ಜಾಲರಿಯೊಳಗೆ ಟೈ ತೂರಿಸಿ ಫ್ಯಾನ್ ಕಟ್ಟುವ ಕಿಟ್ಟುಗಳು ಮಾರಾಟಕ್ಕಿವೆ ಎಂಬುದು ಗೊತ್ತು. ನಲವತ್ತು ವರ್ಷದ ತಾಮ್ರ–ಹಿತ್ತಾಳೆಯ ರೇಡಿಯೇಟರಿಗೆ ಅದನ್ನು ಯಾರೂ ಮಾಡಬಾರದು ಎಂಬುದು ಈಗ ನನ್ನ ಖಚಿತ ಅಭಿಪ್ರಾಯ.

ಫೆಬ್ರುವರಿ 2, ಭಾನುವಾರ

ರೇಡಿಯೇಟರ್ ಹೊರಗಿರುವಾಗಲೇ ಥರ್ಮೋಸ್ಟಾಟ್ ಗೂಡು ಬಿಚ್ಚಿದೆ. ಒಳಗೆ ಏನೂ ಇರಲಿಲ್ಲ. ಹಿಂದೆ ಯಾರೋ ಮೆಕ್ಯಾನಿಕ್ ‘ಇದಿದ್ದರೆ ಹೀಟ್ ಆಗುತ್ತೆ’ ಎಂದು ತೆಗೆದು ಎಸೆದಿದ್ದಾರೆ. ನಮ್ಮ ಕಡೆ ಹಳೆಯ ಗಾಡಿಗಳಲ್ಲಿ ಇದು ತೀರ ಸಾಮಾನ್ಯ. ಚಳಿಗಾಲದ ಬೆಳಿಗ್ಗೆ ಎಂಜಿನ್ ಬಿಸಿಯೇರಲು ಕಾಲು ಗಂಟೆ ಬೇಕಾಗುತ್ತಿದ್ದುದಕ್ಕೆ ಕಾರಣ ಆಗ ತಿಳಿಯಿತು. ಹೊಸದಕ್ಕೆ 350 ರೂಪಾಯಿ, ಗ್ಯಾಸ್ಕೆಟ್‌ಗೆ 40.

ಹೊಸದಾದರೂ ಪರೀಕ್ಷಿಸದೆ ಹಾಕಬಾರದೆಂದು ಅಡುಗೆಮನೆಗೆ ಒಯ್ದೆ. ಅಮ್ಮ ಹಾಲಿನ ಪಾತ್ರೆಯನ್ನು ಕೊಡಲೊಪ್ಪದೆ, ಮೂಲೆಯಲ್ಲಿದ್ದ ಕಿವಿ ಮುರಿದ ಅಲ್ಯೂಮಿನಿಯಂ ಪಾತ್ರೆಯೊಂದನ್ನು ಕೊಟ್ಟು, ‘ಇನ್ನು ಇದನ್ನ ಶೆಡ್ಡಲ್ಲೇ ಇಟ್ಕೊ, ಒಳಗೆ ತರಬೇಡ’ ಎಂದರು. ಥರ್ಮೋಸ್ಟಾಟಿನ ಬಾಯಿ ಮುಚ್ಚಿಕೊಳ್ಳುವ ತಟ್ಟೆಯ ಸಂದಿಗೆ ಹೊಲಿಗೆ ದಾರದ ತುದಿಯನ್ನು ಸಿಕ್ಕಿಸಿ, ಆ ದಾರದಿಂದಲೇ ಅದನ್ನು ನೀರಿನಲ್ಲಿ ತೂಗುಬಿಟ್ಟೆ. ಬಾಯಿ ತೆರೆದ ಕ್ಷಣ ದಾರ ಜಾರಿ ಅದು ತಳಕ್ಕೆ ಬೀಳುತ್ತದೆ. ಮೂರು ಸಲ ಮಾಡಿದೆ: 81, 82, 81 ಡಿಗ್ರಿಗೆ ಬಿತ್ತು. ಮೇಲೆ 82 ಎಂದು ಮುದ್ರೆಯಿತ್ತು. 92 ಮುಟ್ಟುವ ಹೊತ್ತಿಗೆ ಪೂರ್ತಿ ತೆರೆದಿತ್ತು.

ರೇಡಿಯೇಟರ್ ಕೂರಿಸಿ, ಎರಡೂ ಹೋಸುಗಳನ್ನು ಬದಲಿಸಿ (480), ರಬ್ಬರ್ ಬಿರುಕುಬಿಟ್ಟಿದ್ದ ಮುಚ್ಚಳಕ್ಕೆ 7 ಪಿ.ಎಸ್.ಐ.ನ ಹೊಸ ಮುಚ್ಚಳ ಹಾಕಿ (120), ಬೋರ್ ನೀರಿನ ಬದಲು ಕೂಲೆಂಟ್ ತುಂಬಿದೆ (620). ನಮ್ಮ ಮೈಸೂರಿನ ಎತ್ತರಕ್ಕೆ ನೀರು 100 ಡಿಗ್ರಿಗಲ್ಲ, 97–98ಕ್ಕೇ ಕುದಿಯುತ್ತದೆ. ಒತ್ತಡ ಹಿಡಿಯದ ಮುಚ್ಚಳವಿದ್ದರೆ ಬೆಟ್ಟ ಹತ್ತುವಾಗ ಆ ಎರಡು–ಮೂರು ಡಿಗ್ರಿಯೂ ಲೆಕ್ಕಕ್ಕೆ ಬರುತ್ತದೆ. ಫ್ಯಾನ್ ಬೆಲ್ಟು ಹೆಬ್ಬೆರಳಿನಿಂದ ಒತ್ತಿದರೆ ಒಂದು ಇಂಚಿಗಿಂತ ಹೆಚ್ಚು ತಗ್ಗುತ್ತಿತ್ತು. ಅರ್ಧ ಇಂಚಿಗೆ ಬಿಗಿ ಮಾಡಿದೆ.

ಸಂಜೆ, ಎಲೆಕ್ಟ್ರಿಕ್ ಫ್ಯಾನ್ ಇಲ್ಲದೆಯೇ, ಒಬ್ಬನೇ ಬೆಟ್ಟ ಹತ್ತಿಸಿದೆ. ಮುಳ್ಳು ಮಧ್ಯಕ್ಕಿಂತ ಸ್ವಲ್ಪ ಮೇಲೆ ನಿಂತಿತು, ಕುದಿಯಲಿಲ್ಲ. ಅಂದರೆ ಜನವರಿ 5ರ ತೊಂದರೆಗೂ ಫ್ಯಾನಿಗೂ ಸಂಬಂಧ ಇದ್ದದ್ದು ಬಹಳ ಕಡಿಮೆ. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ದೇವರಾಜ ಅರಸು ರಸ್ತೆಯಲ್ಲಿ ಹನ್ನೆರಡು ನಿಮಿಷ ಆಮೆವೇಗದಲ್ಲಿ ಸಾಗಿದಾಗ ಮುಳ್ಳು ಮತ್ತೆ ಮುಕ್ಕಾಲಿಗೆ ಬಂತು. ಆದ್ದರಿಂದ ದಟ್ಟಣೆಗೆ ಮಾತ್ರ ಎಲೆಕ್ಟ್ರಿಕ್ ಫ್ಯಾನ್ ಬೇಕೇ ಬೇಕು ಎಂದು, ಈ ಸಲ ಅಳತೆಯ ಆಧಾರದ ಮೇಲೆ, ನಿರ್ಧರಿಸಿದೆ.

ಫೆಬ್ರುವರಿ 9 ಮತ್ತು 16

ಹಳೆಯ ಫ್ಯಾನು ಬಿಚ್ಚಿದೆ. ಇಲ್ಲೊಂದು ಸಣ್ಣ ಎಚ್ಚರಿಕೆ: ಫ್ಯಾನಿನ ದಪ್ಪ ಹೋದ ಮೇಲೆ ಅದೇ ಬೋಲ್ಟುಗಳನ್ನು ಮತ್ತೆ ಹಾಕಿದರೆ ಅವು ಪುಲ್ಲಿಯನ್ನು ಬಿಗಿಯುವ ಮುಂಚೆಯೇ ತುದಿ ತಾಗಿ ನಿಲ್ಲುತ್ತವೆ, ಕೈಗೆ ಬಿಗಿಯಾದಂತೆ ಅನ್ನಿಸುತ್ತದೆ, ಪುಲ್ಲಿ ಮಾತ್ರ ಅಲುಗಾಡುತ್ತಿರುತ್ತದೆ. 5 ಮಿ.ಮೀ. ಗಿಡ್ಡ ಬೋಲ್ಟುಗಳನ್ನು ತಂದು ಹಾಕಿದೆ.

ಪುಲ್ಲಿಯ ಮೂತಿಯಿಂದ ರೇಡಿಯೇಟರ್ ಜಾಲರಿಗೆ 92 ಮಿ.ಮೀ., ಮಾರುತಿ ಫ್ಯಾನಿನ ದಪ್ಪ ಕವಚದ ಸಮೇತ 78. ಉಳಿದದ್ದು 14 ಮಿ.ಮೀ. ಕೂತಲ್ಲಿ ಸಾಕು ಅನ್ನಿಸಿದರೂ, ಜೊತೆಗಿದ್ದ ತಮ್ಮನಿಗೆ ಗೇರಿನಲ್ಲಿಟ್ಟು ಕ್ಲಚ್ ಬಿಡಲು ಹೇಳಿ ನೋಡಿದಾಗ ಎಂಜಿನ್ನೇ ಹತ್ತು ಮಿ.ಮೀ.ಗೂ ಹೆಚ್ಚು ತೂಗಾಡಿತು. ಎಂಜಿನ್ ಮೌಂಟಿಂಗಿನ ರಬ್ಬರುಗಳು ಚಪ್ಪಟೆಯಾಗಿದ್ದವು. ಜೋಡಿ ಬದಲಿಸಿದೆ, 900 ರೂಪಾಯಿ. ಎಂಜಿನ್ 6 ಮಿ.ಮೀ. ಮೇಲೆದ್ದಿತು, ತೂಗಾಟ 4 ಮಿ.ಮೀ.ಗೆ ಇಳಿಯಿತು. ಸಾಲದ್ದಕ್ಕೆ ಫ್ಯಾನನ್ನು 40 ಮಿ.ಮೀ. ಎಡಕ್ಕೆ ಸರಿಸಿದ್ದರಿಂದ ಮೋಟಾರಿನ ಬೆನ್ನು ಈಗ ಪುಲ್ಲಿಯ ನೇರಕ್ಕೇ ಇಲ್ಲ. ಹಿಡಿಕೆಗಳಿಗೆ 25×3 ಮಿ.ಮೀ. ಕಬ್ಬಿಣದ ಪಟ್ಟಿಯನ್ನು ಬಗ್ಗಿಸಿ, ರೇಡಿಯೇಟರಿನ ಅಕ್ಕಪಕ್ಕದ ಚೌಕಟ್ಟಿನ ಬೋಲ್ಟುಗಳಿಗೇ ಕಟ್ಟಿದೆ. ಜಾಲರಿಗೆ ಏನೂ ತಾಗುವುದಿಲ್ಲ. ಪತ್ರಿಕೆಯ ಹಾಳೆಯನ್ನು ಗ್ರಿಲ್ಲಿನ ಮುಂದೆ ಹಿಡಿದರೆ ಒಂದು ಅಡಿ ದೂರದಿಂದಲೇ ಸೆಳೆದುಕೊಂಡಿತು.

ವೈರಿಂಗಿಗೆ 540 ರೂಪಾಯಿ: ಬ್ಯಾಟರಿಯಿಂದ 20 ಆಂಪ್ ಫ್ಯೂಸು, ಅಲ್ಲಿಂದ 4 ಚದರ ಮಿ.ಮೀ. ತಂತಿಯಲ್ಲಿ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹೊತ್ತಿಸಿ ಆರಿಸುವ ಸ್ವಿಚ್ಚು), ರಿಲೇಯಿಂದ ಫ್ಯಾನು. ಮೇಲಿನ ಹೋಸನ್ನು ಕತ್ತರಿಸಿ 32 ಮಿ.ಮೀ. ಅಲ್ಯೂಮಿನಿಯಂ ಜೋಡಣೆಯೊಂದನ್ನು ಹಾಕಿ, ಅದರ ಮೇಲೆ 92ಕ್ಕೆ ಹೊತ್ತಿ 87ಕ್ಕೆ ಆರುವ ಒಂಟಿ ತಂತಿಯ ಥರ್ಮಲ್ ಸ್ವಿಚ್ ತಿರುಗಿಸಿದೆ (ಎರಡೂ ಸೇರಿ 650). ಎಂಜಿನ್ ಚಾಲೂ ಮಾಡಿ ಕಾದೆ. 92 ದಾಟಿತು, 95 ಆಯಿತು, ಫ್ಯಾನು ತಿರುಗಲಿಲ್ಲ. ರಿಲೇ ಬದಲಿಸಿದೆ, ಫ್ಯೂಸು ನೋಡಿದೆ, ಸ್ವಿಚ್ಚನ್ನು ಬಿಚ್ಚಿ ಅದೇ ಕಿವಿ ಮುರಿದ ಪಾತ್ರೆಯಲ್ಲಿ ಕುದಿಸಿದೆ. ಎಲ್ಲವೂ ಸರಿಯಾಗಿಯೇ ಇತ್ತು. ಎರಡು ಗಂಟೆ ಹೀಗೆ ಹೋಯಿತು. ಒಂಟಿ ತಂತಿಯ ಸ್ವಿಚ್ಚು ತನ್ನ ಮೈಯ ಮೂಲಕವೇ ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ಹಿಂದಿರುಗುವ ದಾರಿ, ಪಡೆಯಬೇಕು. ನಾನದನ್ನು ಕೂರಿಸಿದ್ದು ಎರಡು ಕಡೆ ರಬ್ಬರ್ ಹೋಸಿನ ನಡುವೆ. ಜೋಡಣೆಯ ಮೇಲಿನ ಕ್ಲಿಪ್ಪಿನ ಅಡಿ ಒಂದು ತಂತಿ ಸಿಕ್ಕಿಸಿ ಗಾಡಿಯ ಲೋಹದ ಮೈಗೆ ಸೇರಿಸಿದ ತಕ್ಷಣ ಫ್ಯಾನು ಗುಂಯ್ ಎಂದಿತು.

ಫ್ಯಾನು ಎಳೆಯುವ ಕರೆಂಟ್ ಎಷ್ಟೆಂದು ನೋಡಲು ಮಲ್ಟಿಮೀಟರನ್ನು 10 ಆಂಪಿನ ತೂತಿಗೆ ಹಾಕಿ ಸಾಲಿನಲ್ಲಿ ಸೇರಿಸಿದೆ. ಮೋಟಾರು ಹೊರಡುವ ಕ್ಷಣದ ಎಳೆತಕ್ಕೆ ಮೀಟರಿನ ಫ್ಯೂಸ್ ಹಾರಿತು, 40 ರೂಪಾಯಿ. ಮರುದಿನ ಎಲೆಕ್ಟ್ರಿಷಿಯನ್ ಒಬ್ಬರಿಂದ ಡಿ.ಸಿ. ಕ್ಲ್ಯಾಂಪ್ ಮೀಟರ್ ಎರವಲು ತಂದು ಅಳೆದಾಗ ತಿರುಗುವಾಗ 8.6 ಆಂಪ್ ಇತ್ತು. ಆ ಅಂಕಿಯನ್ನು ನೋಡಿಯೂ ಡೈನಮೊ ಎಷ್ಟು ಕೊಡುತ್ತದೆ ಎಂದು ಲೆಕ್ಕ ಹಾಕಲಿಲ್ಲ.

ಫೆಬ್ರುವರಿ 26, ಶಿವರಾತ್ರಿ

ರಾತ್ರಿ ನಂಜನಗೂಡಿಗೆ ಹೊರಟೆವು. ದೇವಸ್ಥಾನದ ಹತ್ತಿರ ಗಾಡಿಗಳ ಸಾಲು ಮುಕ್ಕಾಲು ಗಂಟೆ ತೆವಳಿತು. ಟೆಂಪರೇಚರ್ ಮುಳ್ಳು ಒಂದಿಷ್ಟೂ ಕದಲಲಿಲ್ಲ, ನಾನು ಒಳಗೊಳಗೇ ಬೀಗುತ್ತಿದ್ದೆ. ಆಮೇಲೆ ಹೆಡ್‌ಲೈಟ್ ಮಂಕಾದಂತೆ ಕಂಡಿತು, ಹಾರನ್ನು ಕೀರಲಾಯಿತು, ಕೊನೆಗೆ ಎಂಜಿನ್ ನಿಂತೇಹೋಯಿತು. ಬ್ಯಾಟರಿ ಪೂರ್ತಿ ಖಾಲಿ. ಸಾಲಿನಲ್ಲಿದ್ದ ಹುಡುಗರು ತಳ್ಳಿ ಬದಿಗೆ ಹಾಕಿದರು, ಆಮೇಲೆ ಇಳಿಜಾರಿನಲ್ಲಿ ತಳ್ಳಿಯೇ ಚಾಲೂ ಮಾಡಬೇಕಾಯಿತು. ಫ್ಯಾನಿನ ಫ್ಯೂಸು ಕಿತ್ತು, ಆದಷ್ಟು ನಿಲ್ಲಿಸದೆ ಮನೆಗೆ ಬಂದೆ. ಹಿಂದಿನ ಸೀಟಿನಲ್ಲಿದ್ದವರ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಡೈನಮೊ ಎಂಜಿನ್ ನಿಧಾನವಾಗಿರುವಾಗ ಚಾರ್ಜ್ ಮಾಡುವುದೇ ಇಲ್ಲ. ಎಲೆಕ್ಟ್ರಿಕ್ ಫ್ಯಾನು ಬೇಕಾಗುವುದೇ ಎಂಜಿನ್ ನಿಧಾನವಾಗಿರುವಾಗ. ಮರುದಿನ ಬ್ಯಾಟರಿ ಚಾರ್ಜ್ ಮಾಡಿ ಅಳೆದೆ: ಐಡ್ಲಿಂಗಿನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) 12.1 ವೋಲ್ಟ್, ಫ್ಯಾನು ಮತ್ತು ಹೆಡ್‌ಲೈಟ್ ಹಾಕಿದರೆ 11.6, ನೋಡನೋಡುತ್ತಲೇ ಇಳಿಯುತ್ತಿತ್ತು. ಡೈನಮೊ ಇರುವ ಗಾಡಿಗೆ ಎಲೆಕ್ಟ್ರಿಕ್ ಫ್ಯಾನ್ ಹಾಕುವವರು ಎಂಜಿನ್ ನಿಧಾನವಾಗಿದ್ದಾಗಲೂ ಚಾರ್ಜ್ ಮಾಡುವ ಆಲ್ಟರ್ನೇಟರಿನ ಖರ್ಚನ್ನೂ ಫ್ಯಾನಿನ ಬೆಲೆಗೇ ಸೇರಿಸಿಕೊಂಡು ಯೋಚಿಸಬೇಕು.

ಮಾರ್ಚ್ 2ರಿಂದ 16

ಗುಜರಿಯಲ್ಲಿ ಆಲ್ಟರ್ನೇಟರ್ ಸಿಕ್ಕಿತು, 2,200 ರೂಪಾಯಿ. ಮೈಮೇಲಿನ ತಗಡಿನಲ್ಲಿ 12 ವೋಲ್ಟ್ 45 ಆಂಪ್ ಎಂದಿತ್ತು, ರೆಗ್ಯುಲೇಟರ್ ಒಳಗೇ ಇರುವಂಥದ್ದು. ಡೈನಮೊ ಉದ್ದ, ಇದು ಗಿಡ್ಡ. ಹಾಗಾಗಿ ಹಳೆಯ ಹಿಡಿಕೆಗೆ ಕೂರುವುದಿಲ್ಲ. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ ಕೂರಿಸಿ ನೋಡಿ, ಅದರಂತೆ 6 ಮಿ.ಮೀ. ತಗಡಿನಲ್ಲಿ ವೆಲ್ಡಿಂಗ್ ಮಾಡಿಸಿದೆ. ಆಲ್ಟರ್ನೇಟರಿನ ಪುಲ್ಲಿಯಲ್ಲಿ ಬೆಲ್ಟು ಕೂರುವ ತೋಡು ಕಿರಿದು, ಪದ್ಮಿನಿಯ ಬೆಲ್ಟು ಅಗಲ. ಬೆಲ್ಟು ತೋಡಿನೊಳಗೆ ಇಳಿಯದೆ ಅಂಚಿನ ಮೇಲೆಯೇ ಓಡಿ ಮೊದಲ ದಿನವೇ ಕಿರುಚಿತು. ಡೈನಮೊದ ಪುಲ್ಲಿಯನ್ನೇ ಲೇತಿನಲ್ಲಿ ಕೊರೆಸಿ ಇದರ ಶಾಫ್ಟಿಗೆ ಹೊಂದಿಸಿದ ಮೇಲೆ ಸರಿಹೋಯಿತು. ವೆಲ್ಡಿಂಗ್ ಮತ್ತು ಲೇತ್ ಸೇರಿ 700.

ಮೂರು ಪುಲ್ಲಿಗಳೂ ಒಂದೇ ಗೆರೆಯಲ್ಲಿವೆಯೇ ಎಂದು ನೋಡಲು ಉಕ್ಕಿನ ಅಳತೆಪಟ್ಟಿಯನ್ನು ಅಡ್ಡ ಇಟ್ಟರೆ ಆಲ್ಟರ್ನೇಟರ್ 3 ಮಿ.ಮೀ. ಹಿಂದಿತ್ತು. ವಾಷರುಗಳಿಂದ ಸರಿಪಡಿಸಿದೆ. ಬೆಲ್ಟಿನ ಉದ್ದವನ್ನು ದಾರ ಸುತ್ತಿ ಅಳೆದೆ, ಆದರೆ ಹೊರ ಅಂಚಿನಲ್ಲಿ ಅಳೆದೆನೋ ತೋಡಿನ ಒಳಗೆ ಅಳೆದೆನೋ ಎಂಬುದನ್ನು ಬರೆದಿಟ್ಟುಕೊಳ್ಳದೆ ಅಂಗಡಿಗೆ ಹೋಗಿ 180 ರೂಪಾಯಿಯ ತಪ್ಪು ಬೆಲ್ಟು ತಂದೆ. ಎರಡನೆಯದು 210, ಹಿಡಿಸಿತು. ಡೈನಮೊದ ಚಾರ್ಜನ್ನು ಹಿಡಿತದಲ್ಲಿಡುತ್ತಿದ್ದ ಹಳೆಯ ಕಟೌಟ್ ಪೆಟ್ಟಿಗೆಯನ್ನು ನೋಟಕ್ಕಾಗಿ ಅಲ್ಲೇ ಬಿಟ್ಟಿದ್ದೇನೆ, ಒಳಗಿನ ತಂತಿಗಳನ್ನೆಲ್ಲ ಬಿಡಿಸಿ, ಚಾರ್ಜಿಂಗ್ ತಂತಿಯನ್ನು 6 ಚದರ ಮಿ.ಮೀ.ನದಾಗಿ ನೇರ ಬ್ಯಾಟರಿಗೆ ಎಳೆದಿದ್ದೇನೆ. ತಂತಿ ಮನೆಯಲ್ಲೇ ಇತ್ತು. ಈಗ ಐಡ್ಲಿಂಗಿನಲ್ಲಿ 13.9 ವೋಲ್ಟ್, ಫ್ಯಾನು ಮತ್ತು ಹೆಡ್‌ಲೈಟ್ ಎರಡೂ ಹಾಕಿದರೆ 13.4.

ಮಾರ್ಚ್ 22ರಿಂದ 30: ಟೈರು

ಟೈರಿನ ವಿಚಾರ ಇದರ ನಡುವೆಯೇ ತಲೆಯಲ್ಲಿತ್ತು. ಗಾಡಿಯಲ್ಲಿದ್ದದ್ದು 5.20–14 ಅಳತೆಯ ನೈಲಾನ್ ಟೈರು. ಗೆರೆಗಳು ಇನ್ನೂ 4 ಮಿ.ಮೀ. ಆಳವಿದ್ದವು, ಆದ್ದರಿಂದ ಚೆನ್ನಾಗಿವೆ ಎಂದೇ ನಂಬಿದ್ದೆ. ಪಕ್ಕದ ಗೋಡೆಯ ತಯಾರಿಕೆಯ ಅಂಕಿಯನ್ನು ಓದಿದಾಗ ನಾಲ್ಕರಲ್ಲಿ 2309 ಎಂದಿತ್ತು, ಅಂದರೆ 2009ರ 23ನೆಯ ವಾರ. ಸ್ಟೆಪ್ನಿಯಲ್ಲಿ ಮೂರೇ ಅಂಕಿ: 418. ಮೂರಂಕಿಯ ಗುರುತು 2000ಕ್ಕಿಂತ ಹಿಂದಿನದು, ಇದು ಹೊಸದೆಂದರೂ 1998ರ 41ನೆಯ ವಾರದ್ದು. ಈ ಟೈರನ್ನು ನಂಬಿಕೊಂಡು ನಾನು ಆರು ವರ್ಷ ಊರೂರು ತಿರುಗಿದ್ದೇನೆ.

165/80 ಆರ್ 14 ಅಳತೆಯನ್ನು ಆರಿಸಿದೆ. ಮಾರುತಿ ಸ್ವಿಫ್ಟಿನ ಕೆಲವು ಮಾದರಿಗಳಿಗೆ ಬಂದ ಅಳತೆಯಾದ್ದರಿಂದ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಐದನ್ನೂ ಒಟ್ಟಿಗೆ ಕೊಳ್ಳದೆ ಮೊದಲು ಒಂದೇ ಒಂದನ್ನು ಕೊಂಡು ಎಡ ಮುಂದಿನ ಚಕ್ರಕ್ಕೆ ಹಾಕಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಒಳಗಿನ ಸಂದಿಗಳಿಗೆ ಮಕ್ಕಳ ಜೇಡಿಮಣ್ಣಿನ ಉಂಡೆ ಅಂಟಿಸಿ ನೋಡಿದೆ. ಅತಿ ಕಿರಿದಾದ ಕಡೆ ಉಂಡೆ 9 ಮಿ.ಮೀ.ಗೆ ಚಪ್ಪಟೆಯಾಗಿತ್ತು, ನಾಲ್ವರನ್ನು ಕೂರಿಸಿದಾಗಲೂ ಎಲ್ಲೂ ತಾಗಲಿಲ್ಲ. ಆಮೇಲೆ ಉಳಿದ ನಾಲ್ಕನ್ನು ತಂದೆ. ಒಂದಕ್ಕೆ 4,150ರಂತೆ ಐದಕ್ಕೆ 20,750.

ಎರಡು ಟೈರು ಮಾತ್ರ ಬದಲಿಸಿ ಮಿಕ್ಕದ್ದು ಮುಂದಿನ ತಿಂಗಳು ಎಂದು ಅಂಗಡಿಯವರೊಬ್ಬರು ಸಲಹೆ ಕೊಟ್ಟರು. ಒಪ್ಪಲಿಲ್ಲ. ನೈಲಾನೂ ರೇಡಿಯಲ್ಲೂ ತಿರುವಿನಲ್ಲಿ ಬೇರೆ ಬೇರೆ ರೀತಿ ಬಾಗುತ್ತವೆ, ಒಂದೇ ಆಕ್ಸಲಿನ ಮೇಲೆ ಬೆರೆಸುವುದಂತೂ ಅಪಾಯ.

ರಿಮ್ಮುಗಳನ್ನು ಮರಳು ಹೊಡೆಸಿ ಬಣ್ಣ ಹಾಕಿಸಿದೆ, ತಲಾ 350ರಂತೆ 1,750. ಈ ಹಳೆಯ ರಿಮ್ಮುಗಳಲ್ಲಿ ಟ್ಯೂಬ್‌ಲೆಸ್ ಟೈರಿನ ಅಂಚನ್ನು ಹಿಡಿದುಕೊಳ್ಳುವ ಉಬ್ಬು ಇಲ್ಲ. ಕೈಬೆರಳಿನಿಂದ ಸವರಿದರೆ ನುಣ್ಣಗೆ ಒಂದೇ ಇಳಿಜಾರು. ಹಾಗಾಗಿ ಟೈರಿನ ಮೇಲೆ ಟ್ಯೂಬ್‌ಲೆಸ್ ಎಂದಿದ್ದರೂ ರೇಡಿಯಲ್ ಟ್ಯೂಬನ್ನೇ ಹಾಕಿಸಿದೆ, ಐದಕ್ಕೆ 2,800. ಫಿಟ್ಟಿಂಗ್ ಮತ್ತು ಬ್ಯಾಲೆನ್ಸಿಂಗ್ 1,250. ಕಂಪ್ಯೂಟರ್ ಅಲೈನ್‌ಮೆಂಟಿಗೆ ಕೊಟ್ಟ 600 ದಂಡ: ಅವರ ಯಂತ್ರದ ಪಟ್ಟಿಯಲ್ಲಿ ಪದ್ಮಿನಿಯೇ ಇರಲಿಲ್ಲ, ಯಾವುದೋ ಹೊಸ ಕಾರಿನ ಅಂಕಿಗೆ ಹೊಂದಿಸಿ ಕಳಿಸಿದರು, ಗಾಡಿ ಎಡಕ್ಕೆ ಎಳೆಯತೊಡಗಿತು. ಮನೆಗೆ ಬಂದು ಗಾಡಿಯ ಎರಡೂ ಬದಿಗೆ ಉದ್ದಕ್ಕೆ ದಾರ ಕಟ್ಟಿ, ರಿಮ್ಮಿನ ಮುಂದಂಚು ಹಿಂದಂಚುಗಳಿಂದ ದಾರಕ್ಕೆ ಅಳೆದು, ಮುಂಚಕ್ರಗಳು ಒಟ್ಟು 2 ಮಿ.ಮೀ. ಒಳಮುಖ ಇರುವಂತೆ ಟೈ ರಾಡುಗಳನ್ನು ತಿರುಗಿಸಿದೆ. ಮೂರು ಗಂಟೆ ಹಿಡಿಯಿತು, ಎಳೆತ ನಿಂತಿತು.

ಸ್ಪೀಡೋಮೀಟರಿನ ವ್ಯತ್ಯಾಸ ತಿಳಿಯಲು ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಗಾಡಿಯನ್ನು ಒಂದು ಸುತ್ತು ತಳ್ಳಿ ನೆಲದ ಮೇಲೆ ಅಳೆದಿದ್ದೆ. ಹಳೆಯದು 184.5 ಸೆಂ.ಮೀ., ಹೊಸದು 189. ಅಂದರೆ ಮುಳ್ಳು 60 ತೋರಿಸುವಾಗ ಮೊದಲಿಗಿಂತ ಸುಮಾರು ಒಂದೂವರೆ ಕಿ.ಮೀ. ಹೆಚ್ಚು ವೇಗ.

ಯುಗಾದಿಯ ದಿನ ಬೇವು–ಬೆಲ್ಲ ತಿಂದು ಮೊದಲ ಓಟ. ಹಳೆಯ ಅಭ್ಯಾಸದಂತೆ 24 ಪಿ.ಎಸ್.ಐ. ಗಾಳಿ ಹಿಡಿಸಿದ್ದರಿಂದ ಸ್ಟೀರಿಂಗು ಕಲ್ಲಿನಂತಾಗಿತ್ತು, ತಿರುವಿನಲ್ಲಿ ಟೈರಿನ ಭುಜ ನೆಲ ಉಜ್ಜುತ್ತಿತ್ತು. 28ಕ್ಕೆ ಏರಿಸಿದಾಗ ಸರಿಹೋಯಿತು. ಓಡುವಾಗ ಗಾಡಿ ಈಗ ನೇರವಾಗಿ ಹೋಗುತ್ತದೆ, ರಸ್ತೆಯ ಬಿಳಿಪಟ್ಟಿಯ ಅಂಚು ಹಿಡಿದು ಅಡ್ಡಾಡುವ ಚಾಳಿ ಪೂರ್ತಿ ಹೋಗಿದೆ. ಆದರೆ ನಿಂತಲ್ಲಿ ತಿರುಗಿಸುವಾಗ ಮೊದಲಿಗಿಂತ ಭಾರ. ಶೆಡ್ಡಿಗೆ ಹಾಕುವಾಗ ತೋಳು ನೋಯುತ್ತದೆ.

ಏಪ್ರಿಲ್ 6

ಬಲ ಹಿಂದಿನ ಟೈರು ಕೂತಲ್ಲೇ ಗಾಳಿ ಬಿಟ್ಟಿತು. ಪಂಕ್ಚರ್ ಅಂಗಡಿಯಲ್ಲಿ ಹುಡುಕಿದರೆ ಮೊಳೆಯಿಲ್ಲ, ಗಾಜಿಲ್ಲ. ಟೈರಿನ ಒಳಮೈಯಲ್ಲಿ ಕಾರ್ಖಾನೆಯ ಚೀಟಿಯೊಂದು ಅಂಟಿಕೊಂಡೇ ಇತ್ತು. ಅದರ ಗಟ್ಟಿ ಮೂಲೆ ಟ್ಯೂಬನ್ನು ಉಜ್ಜಿ ಸವೆಸಿತ್ತು. ಟ್ಯೂಬ್‌ಲೆಸ್ ಆಗಿ ಬಳಸುವವರಿಗೆ ಆ ಚೀಟಿಯಿಂದ ತೊಂದರೆಯಿಲ್ಲ, ಟ್ಯೂಬ್ ಹಾಕುವವರು ಕೈಯಾಡಿಸಿ ಕಿತ್ತು ತೆಗೆಯಬೇಕು. ಫಿಟ್ಟಿಂಗ್ ಮಾಡುವಾಗ ನಾನು ಪಕ್ಕದಲ್ಲೇ ನಿಂತು ಕಾಫಿ ಕುಡಿಯುತ್ತಿದ್ದೆ. ತೇಪೆ ಹಿಡಿಯದ ಜಾಗ. ಹೊಸ ಟ್ಯೂಬಿಗೆ 560. ಅಂದೇ ಉಳಿದ ನಾಲ್ಕನ್ನೂ ಬಿಚ್ಚಿಸಿ ಚೀಟಿ ತೆಗೆಸಿ, ಒಳಗೆ ಟಾಲ್ಕಂ ಪೌಡರ್ ಹಾಕಿಸಿದೆ. ಅಂಗಡಿಯವರು ಕೂಲಿ ಬೇಡವೆಂದರು.

ಏಪ್ರಿಲ್ 13

ಲೆಕ್ಕ: ತಂಪು ಮಾಡುವ ಕೆಲಸಕ್ಕೆ ಒಟ್ಟು 10,630, ಟೈರಿಗೆ 27,710, ಎರಡೂ ಸೇರಿ 38,340 ರೂಪಾಯಿ. ಇದರಲ್ಲಿ ರೇಡಿಯೇಟರಿನ ತೂತು, ಮೀಟರಿನ ಫ್ಯೂಸು, ತಪ್ಪು ಬೆಲ್ಟು, ಟ್ಯೂಬು, ಅಲೈನ್‌ಮೆಂಟು ಸೇರಿ 1,980 ನನ್ನದೇ ತಪ್ಪುಗಳ ಬಾಬ್ತು. ಬೆಂಗಳೂರಿನ ಬಸ್ಸಿನ ಖರ್ಚನ್ನೂ ಬೋಲ್ಟು, ವಾಷರುಗಳ ಚಿಲ್ಲರೆಯನ್ನೂ ಬರೆದಿಟ್ಟಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ, ಹೊರಗೆ 35 ಡಿಗ್ರಿ ಬಿಸಿಲಿನಲ್ಲಿ, ಜನವರಿ 5ರಂದು ಇದ್ದಷ್ಟೇ ಜನರನ್ನು ಕೂರಿಸಿಕೊಂಡು ಬೆಟ್ಟಕ್ಕೆ ಹೋದೆ. ಅಂದು ನಿಂತ ಜಾಗ ದಾಟುವಾಗ ಮುಳ್ಳು ಮಧ್ಯದಲ್ಲೇ ಇತ್ತು. ಮೇಲೆ ಪಾರ್ಕಿಂಗಿನ ಸಾಲಿನಲ್ಲಿ ಎಂಟು ನಿಮಿಷ ನಿಂತಾಗ ಫ್ಯಾನು ಎರಡು ಸಲ ಹೊತ್ತಿಕೊಂಡಿತು, ಒಮ್ಮೆ ಒಂದು ನಿಮಿಷ 50 ಸೆಕೆಂಡು, ಇನ್ನೊಮ್ಮೆ ಎರಡು ನಿಮಿಷ. ಮೇಲಿನ ಹೋಸು 89, ಕೆಳಗಿನದು 71. ಬ್ಯಾಟರಿ 13.5 ವೋಲ್ಟ್.

ಇಳಿಯುವಾಗ ಒಂದು ಹೊಸ ವಿಷಯ ಗಮನಕ್ಕೆ ಬಂತು. ರೇಡಿಯಲ್ ಟೈರುಗಳ ಹಿಡಿತ ಹೆಚ್ಚಿದ್ದರಿಂದಲೋ ಏನೋ, ಜೋರಾಗಿ ಬ್ರೇಕ್ ಒತ್ತಿದರೆ ಮೂತಿ ಬಲಕ್ಕೆ ಸ್ವಲ್ಪ ಸರಿಯುತ್ತದೆ. ನೈಲಾನ್ ಟೈರಿನ ಅಡ್ಡಾಟದಲ್ಲಿ ಇದು ಇಷ್ಟು ದಿನ ಮರೆಯಾಗಿತ್ತೆಂದು ತೋರುತ್ತದೆ. ಎಡಗಡೆಯ ಬ್ರೇಕು ಕಡಿಮೆ ಹಿಡಿಯುತ್ತಿರಬಹುದು, ಎಡ ಮುಂದಿನ ಡ್ರಮ್ಮನ್ನು ಮುಂದಿನ ಭಾನುವಾರ ಬಿಚ್ಚುತ್ತೇನೆ. ಈ ಸಲ ಬಿಡಿಭಾಗ ಕೊಳ್ಳುವ ಮೊದಲು ಎರಡೂ ಡ್ರಮ್ಮುಗಳ ಒಳವ್ಯಾಸವನ್ನೂ ಲೈನರುಗಳ ದಪ್ಪವನ್ನೂ ಅಳೆದು ಬರೆದಿಡುತ್ತೇನೆ.